ನೀರುನಾಯಿ ಬಂದ ದಿನದ ಬಾತುಗಳು

ನಮ್ಮ ಅಕ್ಕನ ಗಂಡ, ಅಂದರೆ ಭಾವ, ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರ್. ಒಂದು ಗುಂಡಿ ಒತ್ತಿ ಪಂಪು ಚಾಲೂ ಮಾಡುವುದು, ಇನ್ನೊಂದು ಒತ್ತಿ ನಿಲ್ಲಿಸುವುದು. ಅವರನ್ನು ಕೇಳಿದರೆ ಅದು ಉಪಕಸುಬು. ಅಸಲು ಕೆಲಸವೆಂದರೆ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಎಂಟರವರೆಗೆ ಜಲಾಶಯದ ಕಾಡುಬಾತುಗಳನ್ನು ಎಣಿಸುವುದು. ಇಪ್ಪತ್ತೆರಡು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಲ್ಲ. ಸ್ವಂತ ತಂಗಿಯ ಮದುವೆಗೂ ಎಂಟಾದ ಮೇಲೇ ಬಂದವರು.

ಕೈಯಲ್ಲಿ ಎಣಿಸುವ ಪುಟ್ಟ ಯಂತ್ರ, ಒತ್ತಿದರೆ ಟಿಕ್. ಮನೆಗೆ ನೆಂಟರು ಬಂದರೂ ಭಾವನ ಜೇಬಿನೊಳಗಿಂದ ಟಿಕ್ ಟಿಕ್ ಕೇಳಿಸುತ್ತದೆ.

"ಸುಮಾರು ನೂರು ಬಾತು ಇರಬಹುದಾ ಭಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಸುಮಾರು ಅನ್ನೋದು ನಿಮ್ಮಂಥೋರ ಲೆಕ್ಕ. ನೂರಾ ಏಳು."

ಹೋದ ವರ್ಷ ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದ ಮೇಡಂ ಒಬ್ಬರು ಬಂದು ಇಪ್ಪತ್ತೆರಡೂ ನೋಟುಪುಸ್ತಕಗಳನ್ನು ಒಯ್ದರು. ಭಾವ ಗೇಟಿನವರೆಗೆ ಹೋಗಿ ಕಣ್ಣೊರೆಸಿಕೊಂಡರು. "ನನ್ನನ್ನ ಕಳಿಸೋವಾಗ ನಮ್ಮಪ್ಪನೂ ಇಷ್ಟು ಅತ್ತಿರಲಿಲ್ಲ" ಎಂದಳು ಅಕ್ಕ.

ಮೂರು ತಿಂಗಳ ನಂತರ ಒಂದು ಶುಕ್ರವಾರ ಮೇಡಂ ಪಂಪ್‌ಹೌಸಿನ ಇಂಜಿನಿಯರರ ಕೋಣೆಯಲ್ಲಿ, ಭಾವನ ಎದುರೇ, ಲ್ಯಾಪ್‌ಟಾಪ್ ತೆರೆದರು.

"ನೋಟುಪುಸ್ತಕದಲ್ಲಿ ನೀರುನಾಯಿ ಬಂತು ಅಂತ ಬರೆದಿರೋ ದಿನ ಬಾತುಗಳು ಅರ್ಧಕ್ಕರ್ಧ ಕಡಿಮೆ ಸಾರ್. ಮಳೆ, ಗಾಳಿ, ತಿಂಗಳು ಎಲ್ಲಾ ಲೆಕ್ಕಕ್ಕೆ ತಗೊಂಡೆ. ಆದ್ರೂ ಅದು ಹಾಗೇ ನಿಲ್ಲುತ್ತೆ."

"ಹಾಗಾದ್ರೆ ಬಾತುಗಳನ್ನ ಓಡಿಸ್ತಿರೋದು ಅವೇ! ಸೋಮವಾರ ಬೋನು ಇಡಿಸಿ, ಹಿಡಿದು ಬೇರೆ ಕಡೆ ಸಾಗಿಸೋಣ" ಎಂದರು ಇಂಜಿನಿಯರ್. ಯೋಚನೆಗಿಂತ ತೀರ್ಮಾನದಲ್ಲಿ ಚುರುಕಾದ ಮನುಷ್ಯ. "ಸ್ವಲ್ಪ ತಡೀರಿ" ಎಂದು ಮೇಡಂ ಹೇಳುವಷ್ಟರಲ್ಲಿ ಅವರ ಕಿವಿಗೆ ಫೋನು ಅಂಟಿಯಾಗಿತ್ತು.

ಮನೆಗೆ ಬಂದ ಭಾವ ತಟ್ಟೆಯ ಮುಂದೆ ಅನ್ನ ಮುಟ್ಟದೆ ಕೂತರು.

"ಯಾಕ್ರೀ, ಹರಳೆಣ್ಣೆ ಕುಡಿದೋರ ಹಾಗಿದೆ ಮುಖ?"

"ನೀರುನಾಯಿಗಳು ಬಾತು ಓಡಿಸಿಲ್ಲ ಕಣೇ."

"ಮತ್ತೆ ಬಾತು ಎಲ್ಲಿಗೆ ಹೋದ್ವು?"

"ಎಲ್ಲೂ ಹೋಗಿಲ್ಲ. ನಾನು ನೋಡಿಲ್ಲ."

ವಿಷಯ ಇಷ್ಟು. ನೀರುನಾಯಿಗಳು ಬಂದವೆಂದರೆ ಭಾವ ಯಂತ್ರ ಕೆಳಗಿಡುತ್ತಿದ್ದರು. ತಾಯಿ ಮರಿಯ ಕತ್ತು ಹಿಡಿದು ನೀರಿಗೆ ಎಳೆಯುವುದು, ಮರಿ ಕಿರುಚಿ ದಡಕ್ಕೆ ಓಡುವುದು, ತಾಯಿ ಮತ್ತೆ ಎಳೆಯುವುದು. ಇದನ್ನು ನೋಡುತ್ತ ಕೂತರೆ ಏಳೂ ಮುಕ್ಕಾಲು. ಆಮೇಲೆ ಗಡಿಬಿಡಿಯಲ್ಲಿ ಹತ್ತಿರದ ದಡದಲ್ಲಿ ಕಂಡಷ್ಟು ಬಾತು ಎಣಿಸಿ ಬರೆಯುವುದು. ಒಂದು ಬಾತನ್ನೂ ಸುಳ್ಳು ಬರೆದವರಲ್ಲ. ಆಚೆ ದಡದ ಜೊಂಡಿನ ಕಡೆ ಕತ್ತು ತಿರುಗಿಸುತ್ತಿರಲಿಲ್ಲ, ಅಷ್ಟೇ.

"ಭಾನುವಾರ ಒಂದಿನ ಮಕ್ಕಳಿಗೆ ಸ್ನಾನ ಮಾಡಿಸಿ ಅಂದ್ರೆ 'ಕೆಲಸ ಇದೆ' ಅಂತಿದ್ರಲ್ಲ, ಈ ಕೆಲಸಾನಾ?"

"ಈಗ ಇದನ್ನ ಹೇಳಿದ್ರೆ ನನ್ನ ಲೆಕ್ಕ ಎಲ್ಲಾ ಕಸದಬುಟ್ಟಿಗೆ."

"ಹೇಳದಿದ್ರೆ ಆ ಮರಿ ಬೋನಿಗೆ." ಅಕ್ಕ ತಟ್ಟೆಯನ್ನು ಅವರ ಕಡೆ ತಳ್ಳಿದಳು. "ಮೊದಲು ಊಟ ಮಾಡಿ."

ಸೋಮವಾರ ಅಂಗಳದಲ್ಲಿ ಬೋನುಗಳನ್ನು ಇಳಿಸುತ್ತಿದ್ದಾಗ ಭಾವ ಒಳಗೆ ಹೋಗಿ ಇಂಜಿನಿಯರ್ ಮತ್ತು ಮೇಡಂ ಮುಂದೆ ಎಲ್ಲವನ್ನೂ ಹೇಳಿಬಿಟ್ಟರು. ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ನಗಲಿಲ್ಲ.

"ಆ ದಿನಗಳಲ್ಲಿ ಬಾತು ನೋಡಿದ್ದು ಎಷ್ಟು ನಿಮಿಷ? ಎಲ್ಲಾದರೂ ಬರೆದಿದ್ದೀರಾ ಸಾರ್?"

ಬರೆದಿದ್ದರು. ಬಾತಿಗೆ ಒಂದು ಸಾಲಾದರೆ ನೀರುನಾಯಿಗೆ ಪುಟಗಟ್ಟಲೆ. "7.04 ಬಂದವು. 7.20 ಮರಿ ಮುನಿಸಿಕೊಂಡಿತು. 7.47 ಹೋದವು."

"ಅಯ್ಯೋ, 'ಬಂದವು' ಅನ್ನೋದಷ್ಟೇ ತಗೊಂಡು ಉಳಿದಿದ್ದನ್ನ ಕವಿತೆ ಅಂದ್ಕೊಂಡು ಬಿಟ್ಟುಬಿಟ್ಟಿದ್ದೆ!" ಎಂದರು ಮೇಡಂ.

ಬೋನುಗಳು ಎರಡು ವಾರ ಅಂಗಳದಲ್ಲೇ ಬಿದ್ದಿದ್ದವು. ಅಷ್ಟರಲ್ಲಿ ಮೇಡಂ ಆ ನಿಮಿಷಗಳನ್ನೆಲ್ಲ ತುಂಬಿಸಿ ಮತ್ತೆ ಲೆಕ್ಕ ಹಾಕಿದರು. ಬಾತುಗಳನ್ನು ನಿಜವಾಗಿ ನೋಡಿದ ಹೊತ್ತಿಗೆ ಹೋಲಿಸಿದರೆ ನೀರುನಾಯಿ ಬಂದ ದಿನವೂ ಬಾತುಗಳು ಎಂದಿನಷ್ಟೇ ಇದ್ದವು. "ನನಗೆ ಮೊದಲೇ ಅನುಮಾನ ಇತ್ತು" ಎನ್ನುತ್ತ ಇಂಜಿನಿಯರ್ ಬೋನುಗಳನ್ನು ವಾಪಸು ಕಳಿಸಿದರು. ವರದಿಯಲ್ಲಿ ಭಾವನ ಇನ್ನೂರ ಹದಿನಾಲ್ಕು ಭಾನುವಾರಗಳ ಎದುರು 'ಪೂರ್ಣ ಎಣಿಕೆಯಲ್ಲ' ಎಂಬ ಗುರುತು ಬಿತ್ತು. ಆ ಗುರುತುಗಳನ್ನೂ ಭಾವನೇ ಯಂತ್ರ ಒತ್ತಿ ಎಣಿಸಿದರು.

ಈಗ ಮೇಡಂ ಮಾತಿನಂತೆ ಇಬ್ಬರು ಕೂರುತ್ತಾರೆ. ನೀರುನಾಯಿಗೆ ಭಾವ, ಬಾತಿಗೆ ಅಕ್ಕ. ಮೊದಲ ಭಾನುವಾರ ಅಕ್ಕನ ಕೈಯಲ್ಲಿ ಟಿಕ್ ಟಿಕ್ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಜೊಂಡು ಅಲುಗಿತು. ಟಿಕ್ ನಿಂತಿತು.

"ಒತ್ತೇ, ಯಾಕೆ ನಿಲ್ಲಿಸಿದೆ?"

"ಸುಮ್ನಿರ್ರೀ, ಮರಿ ಬಂತು."

ಭಾವ ಗಡಿಯಾರ ನೋಡಿ ನೋಟುಪುಸ್ತಕದಲ್ಲಿ ಬರೆದರು: "7.18ರಿಂದ ಬಾತು ನೋಡುವವರು ಯಾರೂ ಇಲ್ಲ."