ಸಿದ್ದಗಂಗಮ್ಮ ಸಿಸ್ಟರ್ ಮತ್ತು ನನ್ನ ಮಗನ ಎಡತೊಡೆ

ಚುಚ್ಚುಮದ್ದಿನ ದಿನ ಸಿದ್ದಗಂಗಮ್ಮ ಸಿಸ್ಟರ್ ನಮ್ಮೂರ ಅಂಗನವಾಡಿಯ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಸೂಜಿ ಹಾಕುವ ಮೇಜನ್ನೂ ಅಲ್ಲಿಗೇ ಎಳೆದುಕೊಳ್ಳುತ್ತಿದ್ದರು. ಒಳಗೆ ಬರುವ ತಾಯಂದಿರಿಗೆ ಕಾಲು ಮಡಚಿ ದಾರಿ ಬಿಡುವರು, ಹೊರಗೆ ಹೋಗುವವರಿಗೆ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಸೂಜಿ ಹಾಕಿಸಿಕೊಂಡ ಮಗು ಅರ್ಧ ಗಂಟೆ ಅವರ ಕಣ್ಣೆದುರೇ ಇರಬೇಕು.

ಒಮ್ಮೆ ಒಬ್ಬ ಮುದುಕಿ ಮೊಮ್ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತಳು. "ಗುಬ್ಬಿ ಬಸ್ಸು ಹೊಂಟೋಯ್ತದೆ, ಬುಡವ್ವ" ಅಂದಳು.

"ಹೋಗ್ಲಿ ಬುಡಜ್ಜಿ, ಇನ್ನೊಂದ್ ಬತ್ತದೆ. ದಾರೀಲಿ ಮಗೀಗೇನಾರ ಆದ್ರೆ ಯಾರ್ ನೋಡ್ತಾರೆ, ಕಂಡಕ್ಟರಾ? ಕೂತ್ಕೊ."

ಮುದುಕಿ ಗೊಣಗುತ್ತ ಕೂತಳು. ಸಿಸ್ಟರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಗುಬ್ಬಿಯಿಂದ ಸ್ಕೂಟಿಯಲ್ಲಿ, ಲಸಿಕೆಯ ನೀಲಿ ಡಬ್ಬವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಬರುವಾಗಲೇ ಯಾರನ್ನಾದರೂ ಬೈಯುತ್ತ ಬರುತ್ತಿದ್ದರು. ಮಕ್ಕಳ ಮುಂದೆ ಮಾತ್ರ ಆ ಸಿಟ್ಟು ಎಲ್ಲಿ ಹೋಗುತ್ತಿತ್ತೋ. "ಬಾರಪ್ಪ ಸಾಹೇಬ, ಎಷ್ಟ್ ಬೇಕೋ ಅಷ್ಟು ಬೈಕೊ ನನ್ನ" ಎನ್ನುತ್ತ ಸೂಜಿ ಹಾಕುವರು. ಅವರ ಲೆಕ್ಕದಲ್ಲಿ ಮಗುವಿನ ಅಳು ಅಂದರೆ ಬೈಗುಳ. "ಅಳೋ ಮಗೀಗೆ ನಾನ್ ಹೆದರಾಕಿಲ್ಲ. ಅಳ್ದೆ ಸುಮ್ಕೆ ಜೋಲು ಬಿದ್ರೆ ನನ್ ಕೈಕಾಲ್ ಆಡಾಕಿಲ್ಲ" ಎಂದು ಎಲ್ಲ ತಾಯಂದಿರಿಗೂ ಹೇಳುತ್ತಿದ್ದರು.

ಯಾವ ವಯಸ್ಸಿನ ಮಗು ಹೇಗೆ ಬೈಯುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಒಂದೂವರೆ ತಿಂಗಳಿನದು ಮೊದಲು ಬಾಯಿ ತೆರೆದು, ಉಸಿರು ಹಿಡಿದು, ಕೆಂಪಗಾಗಿ, ಆಮೇಲೆ ಕಿರುಚುತ್ತದೆ. ಮೊಲೆ ಕೊಟ್ಟರೆ ಮರೆಯುತ್ತದೆ. ಒಂಬತ್ತು ತಿಂಗಳಿನದು ಸೂಜಿ ಹಾಕಿದವರನ್ನು ಬಿಟ್ಟು ಹಿಡಿದುಕೊಂಡ ಅಮ್ಮನ ಮುಖ ನೋಡುತ್ತದೆ. ಒಂದೂವರೆ ವರ್ಷದ್ದು ರಸ್ತೆಯಿಂದಲೇ ಬಿಳಿ ಕೋಟು ಗುರುತು ಹಿಡಿದು ಚಪ್ಪಲಿ ಬಿಟ್ಟು ಓಡುತ್ತದೆ.

ನಾನು ತುಮಕೂರಿನ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ತಯಾರಾದ ಭಾಗಗಳನ್ನು ಅಳತೆ ಮಾಡಿ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವಾಪಸು ಕಳಿಸುವ ಕೆಲಸ. ಡಿಪ್ಲೊಮಾ ಓದಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ನನಗೇನೂ ಗೊತ್ತಿರಲಿಲ್ಲ ಎಂದು ಯಾರೂ ನನ್ನ ಪರ ವಹಿಸಬಾರದು ಅಂತ ಹೇಳುತ್ತಿದ್ದೇನೆ. ಬಾಣಂತನಕ್ಕೆ ಚೇಳೂರಿನ ಹತ್ತಿರದ ತವರಿಗೆ ಬಂದಿದ್ದೆ. ಮಗನಿಗೆ ಒಂದೂವರೆ ತಿಂಗಳಾದಾಗ ಮೊದಲ ಸುತ್ತಿನ ಲಸಿಕೆಗೆ ಹೋದೆ. ಪಕ್ಕದ ಮನೆಯ ಗಿರಿಜ, ನನ್ನ ಜೊತೆ ಓದಿದವಳು, ಎಂಟು ತಿಂಗಳ ಮಗಳು ಚಿನ್ನುವನ್ನು ಎತ್ತಿಕೊಂಡು ಜೊತೆಗೆ ಬಂದಿದ್ದಳು.

ಎರಡು ತೊಡೆಗೆ, ಒಂದು ತೋಳಿಗೆ ಸೂಜಿ ಹಾಕಿ, ಬಾಯಿಗೆ ಹನಿ ಬಿಟ್ಟು ಸಿಸ್ಟರ್ ಹೇಳಿದರು: "ಸಂಜೀಕೆ ಜ್ವರ ಬರ್ಬೋದು, ಎಡಗಾಲು ಊದ್ಬೋದು. ಒಂದೆರಡ್ ದಿನ ಅಷ್ಟೆ. ಮೊಲೆ ಕೊಡ್ತಾ ಇರು. ತಣ್ಣೀರ್ ಬಟ್ಟೆ ಇಡು. ಟೋಪಿ, ಸ್ವೆಟರ್ ಬಿಚ್ಚಾಕು. ಜ್ವರ ಬಂದ್ರೆ ಈ ಡ್ರಾಪ್ಸು, ನಾನ್ ಬರ್ದಿರೋಷ್ಟೇ. ಉಜ್ಬೇಡ. ಎಣ್ಣೆ, ಅರಿಶಿನ, ಶಾಖ, ಏನೂ ಬೇಡ. ಬಿಡ್ದಂಗೆ ಮೂರ್ ಗಂಟೆ ಅತ್ರೆ, ಹಾಲ್ ಕುಡೀದಿದ್ರೆ, ಫಿಟ್ಸ್ ಬಂದ್ರೆ, ಜೋಲು ಬಿದ್ರೆ ಸೀದಾ ಆಸ್ಪತ್ರೆಗೆ ಹೊಂಡು, ನಂಗೂ ಫೋನ್ ಮಾಡು. ಎಲ್ಲಿ, ಈಗ ನೀನ್ ಹೇಳು."

ನಾನು ಒಪ್ಪಿಸಿದೆ. ಶಾಖ ಬೇಡ ಅನ್ನುವುದನ್ನೂ ಸೇರಿಸಿಯೇ ಒಪ್ಪಿಸಿದೆ.

ಸಂಜೆ ಜ್ವರ ಬಂತು. ಎಡತೊಡೆ ಕೆಂಪಗಾಗಿ ಗಡ್ಡೆ ಕಟ್ಟಿತು. ಹೇಳಿದ್ದಷ್ಟೇ ಆಗಿತ್ತು. ಆದರೆ ನಮ್ಮ ಮನೆಯಲ್ಲಿ ಬಾಣಂತನ ಮಾಡುತ್ತಿದ್ದವಳು ದೊಡ್ಡಮ್ಮ. ಮಗುವಿಗೆ ನೀರು ಹಾಕುವುದು, ಸಾಂಬ್ರಾಣಿ ಹಾಕುವುದು, ಹೊಟ್ಟೆಗೆ ಶಾಖ ಕೊಡುವುದು ಎಲ್ಲ ಅವಳದೇ ದರ್ಬಾರು. "ಆಯಮ್ಮ ಸೂಜಿ ಹಿಡ್ಕೊಂಡ್ ಬರಾಕೆ ಮುಂಚೆ ಮಕ್ಳು ಬೆಳೀನಿಲ್ವಾ? ಒಂದೆರಡ್ ಶಾಖ ಕೊಟ್ರೆ ಗಡ್ಡೆ ಕರಗ್ತದೆ. ಕಾಲ್ ಹಿಡ್ಕೊ" ಅಂದಳು. ತೊಡೆಗೆ ಹರಳೆಣ್ಣೆ ಸವರಿ, ಮಡಿಚಿದ ಬಟ್ಟೆಯನ್ನು ಕಾದ ಹೆಂಚಿಗೆ ಒತ್ತಿ ತಂದಳು. "ಸಿಸ್ಟರ್ ಬೇಡ ಅಂದವ್ರೆ" ಎಂದು ಒಂದು ಸಲ ಅಂದೆ. ದೊಡ್ಡಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕಾಲು ಹಿಡಿದುಕೊಂಡೆ. ಮಗ ಕಿರುಚಿದ್ದು ಬೆಳಗಿನ ಹಾಗಿರಲಿಲ್ಲ. ಅವಳು ಮೂರು ಸಲ ಒತ್ತಿದಳು, ಮೂರು ಸಲವೂ ಕಾಲು ನನ್ನ ಕೈಯಲ್ಲೇ ಇತ್ತು.

ಬೆಳಗ್ಗೆಗೆ ಬೊಬ್ಬೆ ಎದ್ದಿತ್ತು. ಮೂರನೆಯ ದಿನ ಒಡೆದು ಕೀವಾಯಿತು. ನಮ್ಮಣ್ಣ ಮಂಜಣ್ಣನಿಗೆ ಊರಲ್ಲಿ ದೊಡ್ಡ ಮನುಷ್ಯನಾಗುವ ಆಸೆ ಬಹಳ ದಿನದಿಂದ ಇತ್ತು, ವಿಷಯ ಸಿಕ್ಕಿರಲಿಲ್ಲ. ತೊಡೆಯ ಫೋಟೋ ತೆಗೆದು, "ಸೂಜಿ ಹಾಕಿ ನಮ್ಮ ಮಗುವನ್ನು ಹೀಗೆ ಮಾಡಿದ್ದಾರೆ" ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಹೇಗಾಯಿತು ಎಂದು ನನ್ನನ್ನೊಂದು ಮಾತು ಕೇಳಲಿಲ್ಲ. ಕೇಳಿದ್ದರೂ ನಾನು ನಿಜ ಹೇಳುತ್ತಿರಲಿಲ್ಲ, ಅದು ಬೇರೆ.

ಮಧ್ಯಾಹ್ನದ ಹೊತ್ತಿಗೆ ಸಿಸ್ಟರ್ ಬಂದರು. ಕರೆದವರು ಯಾರೂ ಇಲ್ಲ, ಫೋಟೋ ನೋಡಿ ತಾವೇ ಬಂದಿದ್ದರು. ಮಗುವಿನ ತೊಡೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಸೂಜಿ ಹಾಕಿದ್ ಜಾಗ ಇಲ್ಲೈತೆ, ವಾಸಿ ಆಗೈತೆ. ಬೊಬ್ಬೆ ಎದ್ದಿರೋದು ಬಟ್ಟೆ ಮಡಿಚಿದ್ ಅಗಲಕ್ಕೆ. ಯಾರ್ ಶಾಖ ಕೊಟ್ಟೋರು?"

ದೊಡ್ಡಮ್ಮ ಗೋಡೆ ನೋಡುತ್ತಿದ್ದಳು. ಸಿಸ್ಟರ್ ನನ್ನ ಕಡೆ ತಿರುಗಿದರು. "ನೀನ್ ಹೇಳವ್ವ."

"ಯಾರೂ ಕೊಟ್ಟಿಲ್ಲ ಸಿಸ್ಟರ್" ಅಂದೆ.

ಅವರು ಬೈಯಲಿಲ್ಲ. ನನ್ನನ್ನೂ ಮಗುವನ್ನೂ ಗುಬ್ಬಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಡ್ರೆಸ್ಸಿಂಗ್ ಮಾಡಿಸಿ, ವಾಪಸು ಬಸ್ಸಿಗೆ ಹತ್ತಿಸಿದರು. ಅದರ ಮಾರನೆಯ ದಿನ ಮಂಜಣ್ಣ ದೂರು ಬರೆದು ತಂದ. ತಾಯಿಯ ಸಹಿ ಬೇಕು ಅಂದ. ಹಾಕಿದೆ. ಮನೆಯ ಮಾನ, ದೊಡ್ಡಮ್ಮನ ವಯಸ್ಸು, ಅಣ್ಣನ ಮಾತು, ನೆಪಗಳಿಗೇನು ಬರ. ಇವತ್ತು ಅವನ್ನೆಲ್ಲ ನೆನೆದರೆ ಮೈ ಉರಿಯುತ್ತದೆ.

ತಿಂಗಳೊಳಗೆ ಸಿಸ್ಟರನ್ನು ಕುಣಿಗಲ್ ಕಡೆಯ ಒಂದು ಹಳ್ಳಿಗೆ ವರ್ಗ ಮಾಡಿದರು. ಗುಬ್ಬಿಯ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ನಿವೃತ್ತಿಗೆ ಎರಡೇ ವರ್ಷ. ದಿನಕ್ಕೆ ನಾಲ್ಕು ಬಸ್ಸು ಬದಲಾಯಿಸಬೇಕಿತ್ತು. ಗುಂಪಿನಲ್ಲಿ ಮಂಜಣ್ಣನಿಗೆ ಅಭಿನಂದನೆ ಹೇಳಿದವರ ಹೆಸರುಗಳು ನನಗೆ ಈಗಲೂ ಗೊತ್ತು.

ಗಂಡನ ಮನೆಗೆ ಬಂದ ಮೇಲೆ ಮಗನಿಗೆ ಉಳಿದ ಲಸಿಕೆಗಳನ್ನೆಲ್ಲ ತುಮಕೂರಿನಲ್ಲೇ ಹಾಕಿಸಿದೆ. ಒಂದು ದಿನವೂ ತಪ್ಪಿಸಲಿಲ್ಲ. ನನಗೆ ನಿಜ ಗೊತ್ತಿತ್ತಲ್ಲ. ಎರಡು ವರ್ಷ ಹೀಗೇ ಕಳೆಯಿತು. ಮಗನಿಗೆ ಚಡ್ಡಿ ಹಾಕುವಾಗೆಲ್ಲ ತೊಡೆಯ ಮೇಲಿನ ಬಿಳಿ ಕಲೆ ಕಾಣುತ್ತಿತ್ತು. ಒಂದು ದಿನ ತಡೆಯಲಾರದೆ ರಜೆ ಹಾಕಿ, ಅವನನ್ನು ಎತ್ತಿಕೊಂಡು ಕುಣಿಗಲ್ ಬಸ್ಸು ಹತ್ತಿದೆ.

ಆ ಹಳ್ಳಿಯ ಆಸ್ಪತ್ರೆ ಬಾಗಿಲಲ್ಲಿ ಸಿಕ್ಕ ಸಿಸ್ಟರ್ ಸೊರಗಿಹೋಗಿದ್ದರು. ನನ್ನ ಮುಖವನ್ನು ನೋಡಲಿಲ್ಲ, ಮಗನ ಚಡ್ಡಿ ಸರಿಸಿ ಕಲೆ ನೋಡಿದರು. "ಚೆನ್ನಾಗ್ ವಾಸಿಯಾಗೈತೆ. ಓಡ್ತಾನಾ?" ಅಂದರು. ನಾನು ಅತ್ತುಕೊಂಡು ಎಲ್ಲ ಹೇಳಿದೆ. ಮುಗಿಯುವವರೆಗೂ ಕೇಳಿಸಿಕೊಂಡರು. ತಪ್ಪಾಯಿತು ಅಂದಾಗ ಮಾತ್ರ ಹಳೆಯ ಸಿಟ್ಟು ಹೊರಗೆ ಬಂತು.

"ನಂಗ್ ಹೇಳಿ ಏನಾಗ್ಬೇಕು? ನಂಗ್ ಅವತ್ತೇ ಗೊತ್ತಿತ್ತು. ನಿನ್ ಅಳು ಕಟ್ಕೊಂಡು ಮುಂದಿನ್ ತಿಂಗ್ಳು ರಿಟೈರಾಗಿ ಮನೇಗೋಗ್ಲಾ ನಾನು? ಗೊತ್ತಿಲ್ದೋರ್ ಇದ್ದಾರಲ್ಲ ನಿಮ್ಮೂರಲ್ಲಿ, ಆ ಫೋಟೋ ನೋಡಿ ಮಕ್ಳುನ್ನ ಮನೇಲೇ ಇಟ್ಕೊಂಡೋರು, ಅವ್ರಿಗ್ ಹೋಗ್ ಹೇಳು."

ಕೂರು ಅನ್ನಲಿಲ್ಲ, ನೀರು ಬೇಕಾ ಅನ್ನಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಮಗನ ಕೆನ್ನೆ ಮುಟ್ಟಿ ಒಳಗೆ ಹೋದರು. ಅದೇ ಕೊನೆ. ನಿವೃತ್ತಿಯಾದ ಮೇಲೆ ಗಂಡನನ್ನು ಕರೆದುಕೊಂಡು ಮಗಳ ಊರಿಗೆ ಹೋದರಂತೆ. ಯಾವ ಊರು ಅಂತ ಗುಬ್ಬಿಯಲ್ಲಿ ಕೇಳಿದೆ. ಗೊತ್ತಿದ್ದವರೂ ನನಗೆ ಹೇಳಲಿಲ್ಲ.

ಕುಣಿಗಲ್ ಕಡೆಗೆ ಹೋಗಿಬಂದ ಮೇಲೆ, ಮುಂದಿನ ಚುಚ್ಚುಮದ್ದಿನ ದಿನವೇ ತವರೂರಿಗೆ ಹೋದೆ. ಅಂಗನವಾಡಿಯಲ್ಲಿ ಹೊಸ ಸಿಸ್ಟರ್ ಇದ್ದರು, ನಾಲ್ಕೈದು ತಾಯಂದಿರಿದ್ದರು. ನಾನು ಕರೆದೆನೆಂದು ಗಿರಿಜಳೂ ಬಂದಿದ್ದಳು. ಎಲ್ಲರ ಮುಂದೆ ನಿಂತು ಹೇಳಿದೆ: ಸೂಜಿಯಿಂದ ಏನೂ ಆಗಿರಲಿಲ್ಲ, ಸುಟ್ಟವರು ನಾವು, ಕಾಲು ಹಿಡಿದವಳು ನಾನು, ಸುಳ್ಳಿಗೆ ಸಹಿ ಹಾಕಿದವಳೂ ನಾನು. ಸುದ್ದಿ ಮನೆ ಮುಟ್ಟಿ, ಅವತ್ತಿನಿಂದ ದೊಡ್ಡಮ್ಮನೂ ಮಂಜಣ್ಣನೂ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಗಿರಿಜ ಏನೂ ಕೂಗಾಡಲಿಲ್ಲ. ಆ ಫೋಟೋ ಬಂದ ಮಾರನೆಯ ತಿಂಗಳೇ ಚಿನ್ನುಗೆ ದಡಾರದ ಚುಚ್ಚುಮದ್ದು ಹಾಕಿಸಬೇಕಿತ್ತು. ಹೆದರಿ ಹಾಕಿಸಿರಲಿಲ್ಲ. ವರ್ಷ ತುಂಬಿದ ಮೇಲೆ ದಡಾರ ಬಂತು. ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿಸಿ ಉಳಿಸಿಕೊಂಡರು, ಆದರೆ ಎರಡು ಕಿವಿಯೂ ಸೋರಿ ಸೋರಿ ಕೇಳಿಸದಂತಾದವು. ಇದೆಲ್ಲ ನನಗೆ ಫೋನಿನಲ್ಲಿ ಗೊತ್ತಾಗಿತ್ತು. ಅಯ್ಯೋ ಪಾಪ ಅಂದಿದ್ದೆ ಕೂಡ.

ಗಿರಿಜ ಮಗಳನ್ನು ನನ್ನ ಮುಂದೆ ತಂದು ನಿಲ್ಲಿಸಿದಳು. "ನಂಗ್ ಹೇಳಾಯ್ತಲ್ಲ. ಇವ್ಳಿಗೂ ಹೇಳು" ಅಂದಳು.

ನಾನು ಬಗ್ಗಿದೆ. ಚಿನ್ನು ನನ್ನ ಬಾಯನ್ನೇ ನೋಡುತ್ತ ನಿಂತಳು.