ಕನಸು ಕೇಳುತ್ತಿದ್ದ ಆಯಮ್ಮ

ಆಯಮ್ಮನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಮೇವು ಕೊಯ್ಯುವಾಗ ಕುಡುಗೋಲಿಗೆ ಸಿಕ್ಕಿ ಹೋದದ್ದು ಮತ್ತೆ ಬೆಳೆಯಲಿಲ್ಲವಂತೆ. ಉಗುರಿರಬೇಕಾದ ಜಾಗ ನುಣ್ಣಗೆ, ಹುಣಸೆ ಬೀಜದಂತೆ ಹೊಳೆಯುತ್ತಿತ್ತು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಆ ಬೆರಳು ಹಣೆಯಿಂದ ನೆತ್ತಿಯವರೆಗೆ ಬೈತಲೆಯ ಗೆರೆ ಎಳೆಯುತ್ತಾ ಹೋದರೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ನಾನು ಬೆಳೆದ ಹೋಮ್ ಯಲಹಂಕದಿಂದ ರಾಜಾನುಕುಂಟೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗಿತ್ತು. ಹೆಂಚಿನ ಉದ್ದನೆ ಕಟ್ಟಡ, ಒಂದು ಪ್ರಾರ್ಥನೆಯ ಕೋಣೆ, ಮೂವತ್ತೆರಡು ಹೆಣ್ಣುಮಕ್ಕಳು. ಅಪ್ಪ ತೀರಿಹೋದ ಮೇಲೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದ ಅಮ್ಮ ನನ್ನನ್ನು ಅಲ್ಲಿ ಬಿಟ್ಟಾಗ ನನಗೆ ಏಳು ವರ್ಷ. ಪಾದ್ರಿಗಳ ಹೆಂಡತಿ ನಮ್ಮ ವಾರ್ಡನ್. ಪಾಠ, ಪ್ರಾರ್ಥನೆ, ಶಿಸ್ತು ಎಲ್ಲ ಅವರದು. ಅಡುಗೆ, ಸ್ನಾನ, ಜ್ವರ, ಜಡೆ ಆಯಮ್ಮನದು.

ಆಯಮ್ಮ ಪಕ್ಕದ ಹಳ್ಳಿಯ ಒಕ್ಕಲು ಮನೆಯವಳು. ಹಣೆಗೆ ಕಾಸಗಲ ಕುಂಕುಮ. ಸಂಜೆ ಪ್ರಾರ್ಥನೆಗೆ ಅವಳು ಕೋಣೆಯೊಳಗೆ ಬರುತ್ತಿರಲಿಲ್ಲ, ಹೊರಗೂ ಇರುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು ಒಲೆಯ ಮೇಲಿನ ಸಾರಿಗೆ ಒಂದು ಕಣ್ಣು, ನಮ್ಮ ಕೀರ್ತನೆಗೆ ಒಂದು ಕಿವಿ ಇಟ್ಟಿರುತ್ತಿದ್ದಳು. ಪ್ರಾರ್ಥನೆ ಉದ್ದವಾದರೆ ಮೆಲ್ಲಗೆ, “ನಿಮ್ಮ ಯೇಸಪ್ಪಂಗೂ ಒಟ್ಟೆ ಅಸೀತಿತ್ತು ತಾನೆ? ಬೇಗ ಆಮೆನ್ ಅನ್ರವ್ವ, ಮುದ್ದೆ ಆರೋಗ್ತದೆ” ಎನ್ನುತ್ತಿದ್ದಳು. ವಾರ್ಡನ್ ಆಂಟಿ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಜಡೆಯ ಸಾಲು. ಮಂಜು ಇನ್ನೂ ನೀಲಗಿರಿ ಮರಗಳ ಸಂದಿಯಲ್ಲೇ ನಿಂತಿರುತ್ತಿತ್ತು. ಮೇಲೆ ಎಲ್ಲೋ ತರಬೇತಿಯ ವಿಮಾನ ಗುಂಯ್‌ಗುಡುತ್ತಾ ಹೋಗಿ, ಕಾಣುವ ಮೊದಲೇ ಮರೆಯಾಗುತ್ತಿತ್ತು. ಒಬ್ಬೊಬ್ಬರ ತಲೆಯನ್ನೂ ಮೊಣಕಾಲ ನಡುವೆ ಹಿಡಿದುಕೊಂಡು ಆಯಮ್ಮ ಅದೇ ಪ್ರಶ್ನೆ ಕೇಳುತ್ತಿದ್ದಳು: “ಏನ್ ಕನ್ಸು ಬಿತ್ತವ್ವ?” ಒಬ್ಬಳ ಕನಸಿನಲ್ಲಿ ಆನೆ, ಇನ್ನೊಬ್ಬಳದರಲ್ಲಿ ಕಡಲೆಮಿಠಾಯಿಯ ಗೋಡೆ. ಯಾವುದಕ್ಕೂ ಅವಳು ಅರ್ಥ ಹೇಳುತ್ತಿರಲಿಲ್ಲ, “ಆಮೇಲೆ?” ಎನ್ನುತ್ತಿದ್ದಳು ಅಷ್ಟೆ. ಕನಸೇ ಬೀಳಲಿಲ್ಲ ಎಂದವರಿಗೆ ತನ್ನದೊಂದು ಕೊಡುತ್ತಿದ್ದಳು. “ತಗೋ, ನಂದು. ರಾಗಿ ಒಲದಾಗೆ ಇಮಾನ ಇಳಿದಿತ್ತು. ಒಳಗೆಲ್ಲ ಕುರಿ ತುಂಬ್ಕಂಡಿದ್ವು.” ಆ ದಿನವೆಲ್ಲ ನಾವು ಆ ಕುರಿಗಳ ಜೊತೆ ಹಾರುತ್ತಿದ್ದೆವು.

ನನ್ನ ಅಮ್ಮ ತಿಂಗಳ ಮೊದಲ ಭಾನುವಾರ ಬನ್ನಿನ ಪೊಟ್ಟಣ ಹಿಡಿದು ಬರುತ್ತಿದ್ದಳು. ನನಗೆ ಹತ್ತು ತುಂಬಿದ ವರ್ಷ ಅದು ನಿಂತುಹೋಯಿತು. ಆರು ಭಾನುವಾರ ಗೇಟಿನ ಬಳಿ ಕಾದೆ. ಒಂದು ಬೆಳಿಗ್ಗೆ ಜಡೆ ಹೆಣೆಯುವಾಗ ಹೇಳಿದೆ: “ಆಯಮ್ಮ, ಕನಸಲ್ಲಿ ಅಮ್ಮ ಯಶವಂತಪುರದ ನಮ್ಮ ಮನೆ ಮುಂದೆ ನಿಂತು ನನ್ನ ಮಗಳ ಹೆಸರೇನು, ಮರೆತುಹೋಗಿದೆ ಅಂತ ಎಲ್ಲರನ್ನೂ ಕೇಳ್ತಿದ್ದಳು.” ಆಯಮ್ಮ “ಆಮೇಲೆ?” ಎನ್ನಲಿಲ್ಲ. ಅವಳ ಕೈ ನಿಂತಿತು.

ಡಿಸೆಂಬರಿನ ಒಂದು ಶನಿವಾರ ಕ್ರಿಸ್‌ಮಸ್ ಹಾಡಿನ ಅಭ್ಯಾಸಕ್ಕೆಂದು ನಮ್ಮನ್ನು ಯಲಹಂಕದ ಚರ್ಚಿಗೆ ಕರೆದೊಯ್ದಿದ್ದರು, ಜೊತೆಗೆ ಆಯಮ್ಮನೂ ಇದ್ದಳು. ನಾನು ನೀರು ಕುಡಿಯುವ ನೆಪದಲ್ಲಿ ಹೊರಬಿದ್ದು, ಯಶವಂತಪುರದ ಬಸ್ಸು ಹತ್ತಿಬಿಟ್ಟೆ. ಬಸ್ಸು ಹೊರಟ ಮೇಲೆ ಯಾರೋ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕೂತರು. ಆಯಮ್ಮ. ಚಪ್ಪಲಿ ಒಂದೇ ಕಾಲಿನಲ್ಲಿತ್ತು. ಈಗ ಇಳಿಸುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಕಂಡಕ್ಟರ್ ಬಂದ. ಅವಳು ನನ್ನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, “ಯಶವಂತಪುರ, ಒಂದೂವರೆ” ಎಂದಳು.

ಹೆಬ್ಬಾಳದ ಕೆರೆ ಬೆಳ್ಳಗೆ ಮಿನುಗುತ್ತಾ ಹಿಂದೆ ಸರಿಯಿತು.

ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆಯ ಬಾಗಿಲಿಗೆ ಬೇರೆ ಬಣ್ಣ ಬಂದಿತ್ತು. ಒಳಗಿನಿಂದ ಬಂದ ಹೆಂಗಸನ್ನು ಆಯಮ್ಮನೇ ವಿಚಾರಿಸಿದಳು.

“ಅವ್ರಾ? ಮದ್ವೆ ಆಗಿ ಹೊಸೂರ್ ಕಡೆ ಹೋದ್ರಲ್ಲ” ಎಂದಳು ಆಕೆ. “ಪಾಪ, ಹಿಂದೆ ಮಕ್ಳು ಮರಿ ಏನೂ ಇರ್ಲಿಲ್ವಂತೆ. ಈಗ ಬಸುರಿ ಅಂತ ಕೇಳ್ದೆ. ನೀವೇನಾಗ್ಬೇಕು?”

ನನಗೆ ಆ ಮಾತು ಒಮ್ಮೆಲೇ ತಿಳಿಯಲಿಲ್ಲ. ನೀರಿನೊಳಗೆ ಮುಳುಗಿ ಕೇಳಿಸಿಕೊಂಡ ಹಾಗಿತ್ತು. ಆಯಮ್ಮ ನನ್ನನ್ನು ತನ್ನ ಸೊಂಟಕ್ಕೆ ಒತ್ತಿಕೊಂಡು, “ಗುರುತಿನೋರು ಕಣವ್ವ. ನನ್ ಮೊಮ್ಮಗ್ಳು ಇವ್ಳು, ಸಂತೆಗ್ ಬಂದಿದ್ವಿ, ಇಂಗೇ ನೋಡ್ಕಂಡ್ ಓಗಾನ ಅಂತ ಬಂದ್ವಿ” ಎಂದಳು.

ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ನನ್ನನ್ನು ಕೂರಿಸಿದಳು. “ನೋಡ್ಬುಟ್ಯಲ್ಲ. ಈಗ ಅತ್ಕೋ. ಬಸ್ಸು ಬೇಕಾದಷ್ಟವೆ.” ನಾನು ಅತ್ತೆ. ಒಂದು ರೈಲು ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು. ಸುಮ್ಮನಿರು ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಅಮ್ಮನನ್ನು ಬಯ್ಯಲೂ ಇಲ್ಲ. ಅಳು ತಾನಾಗಿ ಮುಗಿದಾಗ ಬಿಸಿಲು ಹಳಿಯ ಆಚೆ ಇಳಿದಿತ್ತು. ಜನ, ಗಂಟುಮೂಟೆ, ಕೆಂಪು ಶರ್ಟಿನ ಕೂಲಿಗಳು ಎಲ್ಲ ಯಾರದೋ ಕನಸಿನಲ್ಲಿ ಓಡಾಡುವವರಂತೆ ಕಂಡರು.

ಹೋಮಿನಲ್ಲಿ ದೀಪ ಹಚ್ಚಿದ್ದರು. ವಾರ್ಡನ್ ಆಂಟಿ ಗೇಟಿನಲ್ಲೇ ನಿಂತಿದ್ದರು. ಹಿಂದಿನ ವರ್ಷ ಓಡಿಹೋಗಿ ಸಿಕ್ಕ ಹುಡುಗಿಯೊಬ್ಬಳನ್ನು ದೂರದ ಇನ್ನೊಂದು ಹೋಮಿಗೆ ಕಳಿಸಿದ್ದರು. ಅದು ನನಗೂ ಗೊತ್ತಿತ್ತು, ಆಯಮ್ಮನಿಗೂ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: “ನಾನೇ ಕರ್ಕಂಡೋಗಿದ್ದೆ ಕಣಮ್ಮ. ಅವ್ರವ್ವನ್ ತೋರ್ಸಾನ ಅಂತ.”

“ಒಂದ್ ಫೋನ್ ಮಾಡೋಕಾಗ್ಲಿಲ್ವಾ?”

“ನಂಬರ್ ಗೊತ್ತಿರ್ಲಿಲ್ಲ.”

“ಪೊಲೀಸ್ ಸ್ಟೇಷನ್‌ಗೆ ಹೊರಟಿದ್ದೆ ನಾನು! ಮಗುವಿಗೆ ಏನಾದ್ರೂ ಆಗಿದ್ರೆ? ಹೋಗಿ ಆಯಮ್ಮ, ನಾಳೆಯಿಂದ ಬರ್ಬೇಡಿ.”

ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಆಯಮ್ಮ ತಲೆಯಾಡಿಸಿ, ಒಂದೇ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟುಹೋದಳು.

ನಾಲ್ಕು ದಿನ ದೊಡ್ಡ ಹುಡುಗಿಯರು ನಮ್ಮ ಜಡೆ ಹೆಣೆದರು. ಯಾರೂ ಕನಸು ಕೇಳಲಿಲ್ಲ. ಐದನೆಯ ಬೆಳಿಗ್ಗೆ ವಾರ್ಡನ್ ಆಂಟಿಯ ಕೋಣೆಗೆ ಹೋಗಿ ಹೇಳಿದೆ: “ನಾನೇ ಓಡಿಹೋಗಿದ್ದೆ ಆಂಟಿ. ಆಯಮ್ಮ ಹಿಂದೆ ಬಂದರು. ನನ್ನನ್ನು ಬೇಕಾದರೆ ಕಳಿಸಿಬಿಡಿ.” ಆಂಟಿ ಎದ್ದು ಕೊಡೆ ತೆಗೆದುಕೊಂಡು, “ಬಾ, ಮನೆ ತೋರಿಸು” ಎಂದರು.

ಆಯಮ್ಮ ಜಗಲಿಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತಿದ್ದಳು. ತಲೆ ಎತ್ತಿ, “ಬಯ್ಯಾಕ್ ಬಂದ್ರಾ, ಕರ್ಯಾಕ್ ಬಂದ್ರಾ?” ಎಂದಳು.

“ಕರಿಯೋಕೆ.”

“ಅಂಗಾರೆ ಕೂತ್ಕಳಿ, ಒಸಿ ಸುಲ್ಕೊಡಿ. ಬೇಗ ಮುಗೀತದೆ.”

ಪಾದ್ರಿಗಳ ಹೆಂಡತಿ ಸೀರೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು. ನಾನೂ ಕೂತೆ. ಅವರೆಯ ಸೊಗಡಿನ ಜಿಗುಟು ಮೂವರ ಬೆರಳಿಗೂ ಹತ್ತಿತು. ನನ್ನನ್ನು ಎಲ್ಲಿಗೂ ಕಳಿಸಲಿಲ್ಲ. ಆ ಮೆಟ್ಟಿಲ ಮೇಲೆ ಇನ್ನೂ ಎಂಟು ವರ್ಷ ಆಯಮ್ಮ ನನ್ನ ಜಡೆ ಹೆಣೆದಳು.

ಈಗ ನಾನು ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಳುವವರ ಪಕ್ಕದಲ್ಲಿ ಸುಮ್ಮನೆ ಕೂರುವುದು ನನಗೆ ಬರುತ್ತದೆ. ಅದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ.

ಹೋದ ವರ್ಷ ಆಯಮ್ಮ ಹಾಸಿಗೆ ಹಿಡಿದಾಗ ರಜೆ ಸಿಕ್ಕಾಗೆಲ್ಲ ಹೋಗುತ್ತಿದ್ದೆ. ಮಗ ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಅವರ ಹೊಲದಲ್ಲಿ ಲೇಔಟ್ ಎದ್ದು, ಮನೆ ಮೂರಂತಸ್ತಾಗಿತ್ತು. ಅವಳಿಗೆ ಮಾತ್ರ ಅದೊಂದೂ ನೆನಪಿರಲಿಲ್ಲ. ಗೋಡೆಯಾಚೆ ಇನ್ನೂ ರಾಗಿ ತೂಗುತ್ತಿದೆ ಎಂದೇ ತಿಳಿದಿದ್ದಳು. ನನ್ನನ್ನೂ ಗುರುತಿಸುತ್ತಿರಲಿಲ್ಲ, ತನ್ನ ಬಾಲ್ಯದಲ್ಲಿ ಜೊತೆಗೆ ಆಡುತ್ತಿದ್ದ ಯಾವಳೋ ಹುಡುಗಿ ಎಂದುಕೊಂಡು ಮಾತಾಡುತ್ತಿದ್ದಳು.

ಕೊನೆಯ ಸಲ ಹೋದಾಗ ಸಂಜೆಯವರೆಗೂ ನನ್ನ ಕೈ ಹಿಡಿದು ಕಾಲುವೆ, ಏಡಿ ಎಂದು ಏನೇನೋ ಹೇಳಿದಳು. ಕಿಟಕಿಯ ಬೆಳಕು ಹಳದಿಯಾದದ್ದನ್ನು ಕಂಡು ಗಾಬರಿಯಾಗಿ ಕೈ ಬಿಟ್ಟಳು.

“ಒತ್ತಾಯ್ತಲ್ಲೇ! ಓಗು, ಓಗು. ನಿಮ್ಮವ್ವ ಬಾಗ್ಲಾಗೆ ಕಾಯ್ತಿರ್ತಾಳೆ.”

“ಹೂಂ, ಹೊರಟೆ” ಎಂದೆ. ಎಂದು ಅಲ್ಲೇ ಕೂತಿದ್ದೆ, ಅವಳಿಗೆ ನಿದ್ದೆ ಹತ್ತುವವರೆಗೆ. ಅದಾದ ನಾಲ್ಕನೆಯ ದಿನ ಆಯಮ್ಮ ಹೋದಳು.