ಬಾಡಿಗೆ ಕಾರಿನ ಕೆಂಪು ಗೆರೆ

ಬಾಡಿಗೆ ಕಾರು ಗಡಿ ದಾಟುತ್ತದೆಂದರೆ ಇಲ್ಲಿ ಮೊದಲೇ ಅನುಮಾನ. ಆಸ್ಟ್ರಿಯಾಕ್ಕೆ ಹೋಗುವ ಗೇಟಿನಲ್ಲಿ ಜರ್ಮನ್ ಪೊಲೀಸನೊಬ್ಬ ನಮ್ಮನ್ನು ತಡೆದ. ಟೈಪ್ ಮಾಡಿದ ಅನುಮತಿ ಪತ್ರ ಅವನ ಕೈಯಲ್ಲಿದ್ದರೂ ಕಣ್ಣು ಮಾತ್ರ ಬಾನೆಟ್ಟಿನ ಮೇಲಿತ್ತು. ತುಂತುರು ಮಳೆಗೆ ಅಲ್ಲಿಂದ ಒಂದು ಕೆಂಪು ಗೆರೆ ಬಂಪರಿನವರೆಗೆ ಇಳಿದಿತ್ತು.

"ಯಾರಿಗಾದ್ರೂ ಗುದ್ದಿ ಬಂದ್ರಾ ಅಂತ ಕೇಳ್ತಿದಾನೆ ಕಣೋ," ಎಂದ ಮೂರ್ತಿ. ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಭೌತಶಾಸ್ತ್ರ ಕಲಿಸುವ ಈ ನನ್ನ ಗೆಳೆಯ, ಪೂಜೆ ಎಂದರೆ ಗೇಲಿ ಮಾಡುವವನು. ಹಾಗಾಗಿ ಕಾರಿಗೆ ಕುಂಕುಮ ಇಟ್ಟದ್ದು ಅವನ ಹೆಂಡತಿಯೇ ಇರಬೇಕೆಂದು ನಾನು ವಿಮಲಾ ಕಡೆ ನೋಡಿದೆ.

"ನನ್ನನ್ಯಾಕೆ ನೋಡ್ತೀರಿ? ಬೆಳಿಗ್ಗೆ ಹಣೆಗಿಟ್ಕೊಂಡ ಮೇಲೆ ನನ್ನ ಕುಂಕುಮದ ಭರಣೀನೇ ಕಾಣ್ತಿಲ್ಲ!"

ಪೊಲೀಸ ಆ ಕೆಂಪನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ. ವಿಮಲಾ ತಮ್ಮ ಹಣೆ ತೋರಿಸಿದರು. ಅವನಿಗೆ ಅರ್ಧ ನಂಬಿಕೆ ಬಂದಿರಬೇಕು, ಒರೆಸಿ ಹೋಗಿ ಎಂದು ಸನ್ನೆ ಮಾಡಿದ. ಮೂರ್ತಿ ತನ್ನ ಕರ್ಚೀಫಿನಿಂದಲೇ ಒರೆಸಿದ.

ಗಡಿ ದಾಟಿ ತುಸು ದೂರ ಹೋದದ್ದೇ ತಡ, ಮೂರ್ತಿ ಕಾರು ನಿಲ್ಲಿಸಿ, "ಟೈರ್ ನೋಡ್ಕೊಂಡು ಬರ್ತೀನಿ," ಎಂದು ಇಳಿದ.

ಟೈರ್ ನೋಡುವವನಿಗೆ ಆ ಒದ್ದೆ ರಸ್ತೆಯಲ್ಲಿ ಶೂ ಬಿಚ್ಚುವ ಕೆಲಸವೇನು?